ಹೊಸ ಲ್ಯಾಪ್‌ಟಾಪ್ ಬರೇ ಟೈಪಿಂಗಿಗೇ ಕಾದ ಹಂಚಾಗ್ತದ, ವಾಪಸ್ ಕೊಡ್ಲೋ ಇಟ್ಕೊಳ್ಲೋ?

ತುಂಗಭದ್ರೆ_ದಂಡೆ · ಏಪ್ರಿಲ್ 14, ರಾತ್ರಿ 9:40

ನಮಸ್ಕಾರ್ರಿ ಎಲ್ಲಾರಿಗೂ. ನಾ ಸಿಂಧನೂರು ಕಡಿಯಾಕಿ, ಹೈಸ್ಕೂಲಿನಾಗ ವಿಜ್ಞಾನ ಕಲಿಸ್ತೀನಿ. ಹಳೇ ಲ್ಯಾಪ್‌ಟಾಪ್ ಏಳು ವರ್ಷ ದುಡಿದು ಕೈಕೊಟ್ತು, ಅದಕ್ಕ ಆನ್‌ಲೈನಿನಾಗ ಹೊಸಾದು ತರಿಸೀನಿ. 56,000 ರೂಪಾಯಿ, 14 ಇಂಚು, ತೆಳ್ಳಗಿಂದು, ಇಂಟೆಲ್ ಕೋರ್ ಐ5-1335ಯು, 16 ಜಿಬಿ ರ‍್ಯಾಮ್, ವಿಂಡೋಸ್ 11. ಕಂಪನಿ ಹೆಸರು ಬ್ಯಾಡ್ರಿ, ಹೆಸರು ಹೇಳಿದ್ರ ಇಲ್ಲಿ ಅದರ ಮ್ಯಾಲೇ ಜಗಳ ಶುರು ಆಗ್ತದ.

ಗೇಮು, ವಿಡಿಯೋ ಎಡಿಟಿಂಗು ಯಾವುದೂ ಇಲ್ಲ. ನುಡಿ ಹಾಕ್ಕೊಂಡು ಪಾಠದ ಟಿಪ್ಪಣಿ ಟೈಪ್ ಮಾಡ್ತೀನಿ, ಬ್ರೌಸರಿನಾಗ ಮೂರು ನಾಕು ಟ್ಯಾಬು, ನಡುವ ಒಂದು ವಿಡಿಯೋ. ಇಷ್ಟಕ್ಕೇ ಫ್ಯಾನು ಹಿಟ್ಟಿನ ಗಿರಣಿಯಂಗ ಕೂಗ್ತದ. ಕೀಬೋರ್ಡಿನ ನಡುಭಾಗ ಬೆರಳಿಡಲಿಕ್ಕೆ ಆಗಲ್ಲ. ಆದ್ರ ಪಕ್ಕದ ಕಿಂಡಿಯಿಂದ ಬರೋ ಗಾಳಿ ಮಾತ್ರ ಉಗುರುಬೆಚ್ಚಗ, ಅದೇ ನಂಗ ವಿಚಿತ್ರ ಅನಿಸ್ತು. ಟೇಬಲ್ ಮ್ಯಾಲೇ ಇಟ್ಟೀನಿ, ಹಾಸಿಗಿ ಮ್ಯಾಲಲ್ಲ. ತಳದ ಪ್ಲಾಸ್ಟಿಕ್ ಹಾಳೆ ತೆಗೆದೀನಿ.

ಕಸ್ಟಮರ್ ಕೇರಿಗೆ ಫೋನ್ ಮಾಡಿದ್ರ "ಬೇಸಿಗೆ ಮೇಡಂ, ನಾರ್ಮಲ್" ಅಂದ್ರು. ಬಂದದ್ದು 9ನೇ ತಾರೀಖು. ಬದಲಿ ಕೇಳಲಿಕ್ಕೆ ಹತ್ತು ದಿನ ಅದ, 19ಕ್ಕೆ ಮುಗೀತದ. ಶಕ್ತಿನಗರದಾಗ ಒಂದು ಶಾಖೋತ್ಪನ್ನ ಸ್ಥಾವರ ಇರೋದು ಸಾಲದು ಅಂತ ನಮ್ಮ ಮನಿಯಾಗ ಇನ್ನೊಂದು ಶುರು ಆಗ್ಯಾದ. ಏನ್ ಮಾಡ್ಲಿ ಹೇಳ್ರಿ.

ಬಿಸಿಲೂರು · ಏಪ್ರಿಲ್ 14, ರಾತ್ರಿ 10:02

ಅಕ್ಕಾರ, ನಾ ಕಲಬುರಗಿಯಾಂವ. ಈಗ ನಮ್ಮಲ್ಲಿ 42 ಡಿಗ್ರಿ. ಮನಿಷ್ಯಾನೇ ಹ್ಯಾಂಗ್ ಆಗ್ಲಿಕ್ಕತ್ಯಾನ, ಅದು ಮಷೀನು. ಕೂಲಿಂಗ್ ಪ್ಯಾಡ್ ತಗೋರಿ, 700 ರೂಪಾಯಿಗೆ ಬರ್ತದ. ಇಲ್ಲಾಂದ್ರ ಕೂಲರ್ ಮುಂದ ಇಟ್ಟುಬಿಡ್ರಿ.

ಪೆಂಗ್ವಿನ್_ಪ್ರಿಯ · ಏಪ್ರಿಲ್ 14, ರಾತ್ರಿ 10:15

ವಿಂಡೋಸ್ ತೆಗೆದು ಲಿನಕ್ಸ್ ಹಾಕಿ. ಸಮಸ್ಯೆ ಮುಗೀತು.

ಕಡಲತಡಿ · ಏಪ್ರಿಲ್ 14, ರಾತ್ರಿ 10:31

ಬಂದ್ರಾ ಪೆಂಗ್ವಿನ್ ಮಾರಾಯ್ರು. ನಿಮಗೆ ಶೀತ ಆದ್ರೂ ಲಿನಕ್ಸ್, ಜ್ವರ ಬಂದ್ರೂ ಲಿನಕ್ಸ್.

ಟೀಚರ್, ಅದು ಪವರ್ ಮೋಡ್ "ಬೆಸ್ಟ್ ಪರ್ಫಾರ್ಮೆನ್ಸ್"ನಲ್ಲಿ ಉಂಟಾ ನೋಡಿ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಪವರ್ ಅಂಡ್ ಬ್ಯಾಟರಿ. ನನ್ನದು ಹೊಸದರಲ್ಲಿ ಹಾಗೇ ಬಂದಿತ್ತು. "ಬ್ಯಾಲೆನ್ಸ್ಡ್" ಮಾಡಿದ ಮೇಲೆ ಸ್ವಲ್ಪ ತಣ್ಣಗಾಯ್ತು. ಮತ್ತೆ, ಹಳೇ ಪವರ್ ಆಪ್ಷನ್ಸ್‌ನಲ್ಲಿ "ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್" ಅಂತ ಉಂಟು, ಅದನ್ನು 100ರಿಂದ 99ಕ್ಕೆ ಇಳಿಸಿದ್ರೆ ಟರ್ಬೋ, ಅಂದ್ರೆ ಪ್ರೊಸೆಸರ್ ಸ್ವಲ್ಪ ಹೊತ್ತು ಮಾಮೂಲಿಗಿಂತ ಜೋರಾಗಿ ಓಡುವುದು, ನಿಲ್ತದೆ. ಒಂದೇ ಅಂಕಿ, ಆದ್ರೆ ಫ್ಯಾನ್ ಗಪ್‌ಚಿಪ್.

ಬೆಸುಗೆಕಡ್ಡಿ · ಏಪ್ರಿಲ್ 14, ರಾತ್ರಿ 11:20

ನಾನು ಬೆಂಗಳೂರಿನ ಎಸ್.ಪಿ. ರೋಡ್ ಪಕ್ಕದಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡ್ತೀನಿ ಮೇಡಂ. ಅಂಗಡಿ ಮುಚ್ಚಿ ಈಗ ಬಂದೆ. ಮೊದಲು ಮೇಲಿನವರ ಮಾತಿಗೆ ಎರಡು ಮಾತು.

ಕೂಲರ್ ಮುಂದೆ ದಯವಿಟ್ಟು ಇಡಬೇಡಿ. ಅದು ನೀರಿನ ಗಾಳಿ. ನಿಮ್ಮೂರ ಕಡೆಯಿಂದ ಬರೋ ಬೋರ್ಡ್‌ಗಳಲ್ಲಿ ಹಸಿರು ಕಿಲುಬು ಹತ್ತಿದ್ದು ನಾನು ಬೇಕಾದಷ್ಟು ನೋಡಿದ್ದೀನಿ. 99ರ ಉಪಾಯ ಸುಮಾರು ಮಷೀನ್‌ಗಳಲ್ಲಿ ಕೆಲಸ ಮಾಡುತ್ತೆ, ಸುಳ್ಳಲ್ಲ. ಆದ್ರೆ ಈಗ ಮಾಡಬೇಡಿ. ಡಾಕ್ಟರ್ ಹತ್ರ ಹೋಗೋ ಮುಂಚೆ ಜ್ವರದ ಮಾತ್ರೆ ನುಂಗಿದ ಹಾಗೆ ಆಗುತ್ತೆ. ನಿಮಗೆ ಇರೋದು ಐದು ದಿನ, ಈಗ ರೋಗ ಕಾಣಿಸಬೇಕು, ಮುಚ್ಚಬಾರದು.

ಎಲ್ಲರೂ ಡಿಗ್ರಿ ಕೇಳ್ತಾರೆ. ನಾನು ವಾಟ್ ಕೇಳ್ತೀನಿ. ಪ್ರೊಸೆಸರ್ ಎಷ್ಟು ವಾಟ್ ಕರೆಂಟ್ ತಿನ್ನುತ್ತೋ ಅಷ್ಟೂ ಶಾಖವಾಗಿ ಹೊರಗೆ ಬರಬೇಕು, ಬೇರೆ ದಾರಿನೇ ಇಲ್ಲ. ವಾಟ್ ಜಾಸ್ತಿ ಇದ್ದು ಬಿಸಿಯಾದ್ರೆ ಒಳಗೆ ಯಾವುದೋ ಪ್ರೋಗ್ರಾಮ್ ದುಡೀತಿದೆ ಅಂತ. ವಾಟ್ ಕಮ್ಮಿ ಇದ್ದೂ ಬಿಸಿಯಾದ್ರೆ ಶಾಖ ಹೊರಗೆ ಹೋಗೋ ದಾರಿ ಕೆಟ್ಟಿದೆ ಅಂತ. ಮೊದಲನೇದು ಸಾಫ್ಟ್‌ವೇರ್, ಎರಡನೇದು ಸ್ಕ್ರೂಡ್ರೈವರ್.

ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೊಸೆಸರ್ ಬಿಸಿ ಕಾಣಲ್ಲ. ಎಚ್‌ಡಬ್ಲ್ಯೂಇನ್ಫೋ ಅಂತ ಒಂದು ಉಚಿತ ಪ್ರೋಗ್ರಾಮ್ ಇದೆ, ಹಾಕ್ಕೊಳ್ಳಿ. ಅದರಲ್ಲಿ "ಸಿಪಿಯು ಪ್ಯಾಕೇಜ್" ಅನ್ನೋದು ಡಿಗ್ರಿ, "ಸಿಪಿಯು ಪ್ಯಾಕೇಜ್ ಪವರ್" ಅನ್ನೋದು ವಾಟ್. ಎಲ್ಲ ಮುಚ್ಚಿ ಹತ್ತು ನಿಮಿಷ ಸುಮ್ಮನೆ ಬಿಡಿ. ಎರಡೂ ಅಂಕಿ, ಮತ್ತೆ ಕೋಣೆ ಎಷ್ಟು ಡಿಗ್ರಿ ಅನ್ನೋದು, ಮೂರೂ ಬರೆದು ಹಾಕಿ. ನಿಮ್ಮ ಪ್ರೊಸೆಸರ್‌ಗೆ ಇಂಟೆಲ್ ಕೊಟ್ಟಿರೋ ಮೂಲ ಲೆಕ್ಕ 15 ವಾಟ್, ಟರ್ಬೋದಲ್ಲಿ 55ರ ತನಕ ಹೋಗಬಹುದು, 100 ಡಿಗ್ರಿ ಮುಟ್ಟಿದ್ರೆ ತಾನೇ ವೇಗ ಇಳಿಸಿಕೊಳ್ಳುತ್ತೆ. ಸುಮ್ಮನೆ ಕೂತಾಗ 2ರಿಂದ 5 ವಾಟ್ ಇರಬೇಕು.

ತುಂಗಭದ್ರೆ_ದಂಡೆ · ಏಪ್ರಿಲ್ 15, ಬೆಳಿಗ್ಗೆ 7:15

ಸರ್, ನಿನ್ನೆ ರಾತ್ರಿನೇ ನೋಡಿದೆ. ಶಾಲಿ ಲ್ಯಾಬಿನ ಥರ್ಮಾಮೀಟರ್ ಮನಿಯಾಗ ಇತ್ತು, ಕೋಣಿ 36 ಡಿಗ್ರಿ. ಎಲ್ಲಾ ಮುಚ್ಚಿದ್ರೂ 13–15 ವಾಟ್ ತೋರಿಸ್ತದ. ಪ್ಯಾಕೇಜು 91ರಿಂದ 97 ಡಿಗ್ರಿ. ಪವರ್ ಮೋಡು ಬ್ಯಾಲೆನ್ಸ್ಡ್‌ದಾಗೇ ಅದ.

ಏನೂ ಮಾಡದೇ ಇದ್ರೂ ಸಿಪಿಯು 30–35 ಶೇಕಡಾ ಓಡ್ಲಿಕ್ಕತ್ತದ. ಟಾಸ್ಕ್ ಮ್ಯಾನೇಜರಿನಾಗ ಮ್ಯಾಲ ಎರಡೇ ಹೆಸರು: ಸರ್ಚ್ ಇಂಡೆಕ್ಸರು, ಆಂಟಿಮಾಲ್‌ವೇರ್ ಸರ್ವೀಸು. ಇವೇನು ವೈರಸ್ಸೇನ್ರಿ?

ಬೆಸುಗೆಕಡ್ಡಿ · ಏಪ್ರಿಲ್ 15, ಬೆಳಿಗ್ಗೆ 8:05

ಅಲ್ಲ ಮೇಡಂ, ಎರಡೂ ಮನೆಯವರೇ. ಒಬ್ಬ ಫೈಲುಗಳನ್ನೆಲ್ಲ ಓದಿ ಹುಡುಕೋಕೆ ಪಟ್ಟಿ ಮಾಡ್ತಾನೆ, ಇನ್ನೊಬ್ಬ ಅದೇ ಫೈಲುಗಳಲ್ಲಿ ವೈರಸ್ ಇದೆಯಾ ಅಂತ ತೆರೆದು ನೋಡ್ತಾನೆ. ಹಳೇ ಹಾರ್ಡ್‌ಡಿಸ್ಕ್‌ನಿಂದ ಏನಾದ್ರೂ ಒಟ್ಟಿಗೆ ಸುರಿದ್ರಾ?

ತುಂಗಭದ್ರೆ_ದಂಡೆ · ಏಪ್ರಿಲ್ 15, ಬೆಳಿಗ್ಗೆ 8:20

ಹೌದ್ರಿ. ಬಂದ ದಿನಾನೇ 180 ಜಿಬಿ ಹಾಕೀನಿ. ಹದಿನೈದು ವರ್ಷದ ಪ್ರಶ್ನೆಪತ್ರಿಕೆ, ಸ್ಕ್ಯಾನ್ ಮಾಡಿದ ಪಿಡಿಎಫ್, ಮಕ್ಕಳ ಫೋಟೋ, ಎಲ್ಲಾ. ಆದ್ರ ಐದು ದಿನ ಆದ್ರೂ ಮುಗಿಯಲ್ಲೇನ್ರಿ ಅದು?

ಕಡಲತಡಿ · ಏಪ್ರಿಲ್ 15, ಬೆಳಿಗ್ಗೆ 9:12

ನಿಮ್ಮಲ್ಲಿ ಕರೆಂಟ್ ಹೇಗೆ ಟೀಚರ್? ಬ್ಯಾಟರಿ ಮೇಲೆ ಇರುವಾಗ ಇಂಡೆಕ್ಸರ್ ಕೆಲಸ ನಿಧಾನ ಮಾಡ್ತದೆ. ಚಾರ್ಜರ್ ಕೊಟ್ಟ ಕೂಡಲೇ ಬಾಕಿ ಇದ್ದದ್ದನ್ನು ಹಿಡಿದು ಕೂರ್ತದೆ.

ತುಂಗಭದ್ರೆ_ದಂಡೆ · ಏಪ್ರಿಲ್ 15, ಬೆಳಿಗ್ಗೆ 9:30

ಅಯ್ಯ, ಸರಿ ಹಿಡಿದ್ರಿ ನೀವು. ದಿನಾ ಮೂರ್ನಾಕು ಸಲ ಹೋಗ್ತದ. ನಾ ಕೆಲಸ ಮುಗೀತಂದ್ರ ಚಾರ್ಜರ್ ಕಿತ್ತು ಮುಚ್ಚಿಡ್ತೀನಿ ಬ್ಯಾರೆ. ಇವತ್ತು ಇನ್ವರ್ಟರಿಗೆ ಹಾಕಿ ಮುಚ್ಚದೇ ಬಿಡ್ತೀನಿ. ಸ್ಕ್ಯಾನ್ ಫೈಲಿನ ಫೋಲ್ಡರು ಇಂಡೆಕ್ಸಿನಿಂದ ಹೊರಗ ಹಾಕೀನಿ. "ಸರ್ಚಿಂಗ್ ವಿಂಡೋಸ್" ಅನ್ನೋದ್ರಾಗ ಬ್ಯಾಡಾದ ಫೋಲ್ಡರ್ ಸೇರಿಸಲಿಕ್ಕೆ ಜಾಗ ಅದ, ಬ್ಯಾರೆದವ್ರಿಗೂ ಬೇಕಾಗಬಹುದು ಅಂತ ಹೇಳೀನಿ.

ಗಡಿಬಿಡಿ_ಗಣಕ · ಏಪ್ರಿಲ್ 15, ಮಧ್ಯಾಹ್ನ 1:44

ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನನ್ನದೂ ಬಿಸಿ, ಆದ್ರೆ ಮುಚ್ಚಿ ಬ್ಯಾಗಿಗೆ ಹಾಕಿದಾಗ. ಮೆಟ್ರೋದಲ್ಲಿ ಬೆನ್ನು ಸುಡುತ್ತೆ.

ಬೆಸುಗೆಕಡ್ಡಿ · ಏಪ್ರಿಲ್ 15, ಮಧ್ಯಾಹ್ನ 2:10

ನಿಮ್ಮದು ಬೇರೆ ಕಥೆ. ಈಗಿನ ಮಷೀನ್ ಮುಚ್ಚಿದ್ರೆ ಪೂರ್ತಿ ಮಲಗಲ್ಲ, ಕೋಳಿನಿದ್ದೆ. ಮಾಡರ್ನ್ ಸ್ಟ್ಯಾಂಡ್‌ಬೈ ಅಂತಾರೆ. ಮುಚ್ಚಳ ಮುಚ್ಚಿದಾಗ "ಹೈಬರ್ನೇಟ್" ಆಗೋ ಹಾಗೆ ಮಾಡಿಕೊಳ್ಳಿ, ಬೆನ್ನು ತಣ್ಣಗಾಗುತ್ತೆ. ಇಲ್ಲಿ ಮೇಡಂ ಕೆಲಸ ನಡೀಲಿ.

ತುಂಗಭದ್ರೆ_ದಂಡೆ · ಏಪ್ರಿಲ್ 16, ಬೆಳಿಗ್ಗೆ 6:50

ಮುಗೀತ್ರಿ! ರಾತ್ರಿ ಹನ್ನೊಂದಕ್ಕ ಫ್ಯಾನು ತಾನೇ ನಿಂತ್ತು. ಮನ್ಯಾಗ ಎಲ್ಲಾರೂ ಎದ್ದು ಕೂತ್ರು, ಏನಾತು ಅಂತ.

ಈಗ ಸುಮ್ನ ಇದ್ದಾಗ 3 ವಾಟ್, 49 ಡಿಗ್ರಿ. ವಿಡಿಯೋ ಹಾಕಿದ್ರ 6 ವಾಟ್, 61 ಡಿಗ್ರಿ. ಕೋಣಿ ಅದೇ 36. ಟೈಪಿಂಗಿಗೆ ಕೀಬೋರ್ಡು ಬೆಚ್ಚಗಷ್ಟೇ. ಎಲ್ಲಾರಿಗೂ ಭಾಳ ಉಪಕಾರ ಆತ್ರಿ.

ಬಿಸಿಲೂರು · ಏಪ್ರಿಲ್ 16, ಬೆಳಿಗ್ಗೆ 7:30

ಭಪ್ಪರೆ ಅಕ್ಕಾರ! 700 ರೂಪಾಯಿ ಉಳೀತು ನೋಡ್ರಿ.

ಜಗಲಿ_ಕಾವಲು · ಏಪ್ರಿಲ್ 16, ಬೆಳಿಗ್ಗೆ 9:00

ಶೀರ್ಷಿಕೆಗೆ "ಬಗೆಹರಿದಿದೆ" ಅಂತ ಸೇರಿಸಲೇ?

ಬೆಸುಗೆಕಡ್ಡಿ · ಏಪ್ರಿಲ್ 16, ಬೆಳಿಗ್ಗೆ 9:41

ಬೇಡ, ನಿಲ್ಲಿ.

ಮೇಡಂ, ಅರ್ಧ ಮಾತ್ರ ಬಗೆಹರಿದಿದೆ. ನಿಮ್ಮ ಮೊದಲ ಅಂಕಿ ನನ್ನ ತಲೆಯಿಂದ ಹೋಗ್ತಿಲ್ಲ. 13–15 ವಾಟ್‌ಗೆ 97 ಡಿಗ್ರಿ ಬಂತು ಅಂದ್ರಲ್ಲ, ಇಂಡೆಕ್ಸರ್ ಇದ್ದದ್ದು ನಿಜ, ಅದಕ್ಕೇ 15 ವಾಟ್ ಆಯ್ತು. ಆದ್ರೆ 15 ವಾಟ್ ಅನ್ನೋದು ಈ ಪ್ರೊಸೆಸರ್‌ಗೆ ಸಹಜವಾದ ಊಟ, ಅಷ್ಟಕ್ಕೇ 97 ಯಾಕೆ? ಈಗ ಊಟ ಕಮ್ಮಿ ಮಾಡಿದ್ವಿ, ಅದಕ್ಕೆ ಹೊಟ್ಟೆನೋವು ಕಾಣ್ತಿಲ್ಲ. ನಾಳೆ ಒಂದು ವಿಡಿಯೋ ಕಾಲ್, ಅದರ ಜೊತೆ ಒಂದು ದೊಡ್ಡ ಫೈಲ್ ತೆರೆದ್ರೆ ಮತ್ತೆ ಅದೇ.

ಪಕ್ಕದ ಗಾಳಿ ಉಗುರುಬೆಚ್ಚಗೆ ಅಂತ ಮೊದಲ ದಿನವೇ ಬರೆದಿದ್ದೀರಿ. ಚಿಪ್ 97 ಇದ್ದು ಫ್ಯಾನ್ ಜೋರಾಗಿ ಓಡ್ತಿದ್ರೆ ಆ ಗಾಳಿ ಕೈ ಹಿಂದೆ ತೆಗೆಯೋ ಹಾಗೆ ಇರಬೇಕು. ಶಾಖ ಅದನ್ನ ಫ್ಯಾನ್ ಕಡೆ ಒಯ್ಯೋ ತಾಮ್ರದ ಕೊಳವೆಗೆ ಹತ್ತುತ್ತಾನೇ ಇಲ್ಲ, ಬೋರ್ಡ್ ಮೇಲೆ ಹರಡಿ ಕೀಬೋರ್ಡಿಗೆ ಬರ್ತಿದೆ ಅಂತ ನನ್ನ ಅನುಮಾನ.

ಒಂದು ಪರೀಕ್ಷೆ ಮಾಡಿ. ಸಿಪಿಯು-ಝಡ್ ಅನ್ನೋ ಪ್ರೋಗ್ರಾಮ್‌ನಲ್ಲಿ "ಸ್ಟ್ರೆಸ್ ಸಿಪಿಯು" ಗುಂಡಿ ಇದೆ. ಒಂದೇ ಥ್ರೆಡ್‌ಗೆ (ಪ್ರೊಸೆಸರ್ ಒಟ್ಟಿಗೆ ನಡೆಸೋ ಕೆಲಸದ ಸಾಲುಗಳಲ್ಲಿ ಒಂದಕ್ಕೆ) ಹಾಕಬೇಡಿ, ಒಂದೇ ಕೋರ್‌ಗೆ ಭಾರ ಬಿದ್ರೆ ಒಳ್ಳೇ ಮಷೀನೂ ಜಿಗಿಯುತ್ತೆ. ಎಲ್ಲ ಥ್ರೆಡ್ ಹಾಕಿ, ಪವರ್ ಮೋಡ್ ಅನ್ನ ಕೆಳಗಿನದಕ್ಕೆ ಇಳಿಸಿ. ಮೊದಲ ಒಂದು ನಿಮಿಷ ಟರ್ಬೋ ಕುಣಿತ ಇರುತ್ತೆ, ಅದನ್ನ ಲೆಕ್ಕಕ್ಕೆ ತಗೋಬೇಡಿ. ವಾಟ್ ಒಂದು ಕಡೆ ನಿಂತ ಮೇಲೆ ಹತ್ತು ನಿಮಿಷ ನೋಡಿ. ಆಮೇಲೆ ಮುಖ್ಯವಾದದ್ದು: ನಿಲ್ಲಿಸಿದ ತಕ್ಷಣ ಡಿಗ್ರಿ ಹೇಗೆ ಇಳಿಯುತ್ತೆ ಅಂತ ನೋಡಿ. ಎಚ್‌ಡಬ್ಲ್ಯೂಇನ್ಫೋದಲ್ಲಿ ಲಾಗ್ ಮಾಡೋ, ಅಂದ್ರೆ ಅಂಕಿಗಳನ್ನ ಫೈಲಿಗೆ ಬರೆದಿಡೋ, ಗುಂಡಿ ಇದೆ, ಒತ್ತಿಟ್ಟುಕೊಳ್ಳಿ. ಎಕ್ಸೆಲ್‌ನಲ್ಲಿ ತೆರೆಯುತ್ತೆ.

ಪೆಂಗ್ವಿನ್_ಪ್ರಿಯ · ಏಪ್ರಿಲ್ 16, ಬೆಳಿಗ್ಗೆ 10:20

ಅಂಡರ್‌ವೋಲ್ಟ್ ಮಾಡಿದ್ರೆ, ಅಂದ್ರೆ ಪ್ರೊಸೆಸರ್‌ಗೆ ಕೊಡೋ ವೋಲ್ಟೇಜ್ ಇಳಿಸಿದ್ರೆ, 15 ವಾಟೇ 11 ಆಗುತ್ತಲ್ಲ? (ಲಿನಕ್ಸ್ ಅಂದಿಲ್ಲ, ಗಮನಿಸಿ.)

ಬೆಸುಗೆಕಡ್ಡಿ · ಏಪ್ರಿಲ್ 16, ಬೆಳಿಗ್ಗೆ 10:48

2019ರಲ್ಲಿ ಪ್ಲಂಡರ್‌ವೋಲ್ಟ್ ಅಂತ ಒಂದು ಭದ್ರತಾ ದೋಷ ಹೊರಗೆ ಬಂತಲ್ಲ, ಆಮೇಲೆ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಬಯೋಸ್‌ನಲ್ಲೇ (ಮಷೀನ್ ಶುರುವಾಗುವಾಗ ಓಡೋ ಮೂಲ ಪ್ರೋಗ್ರಾಮ್) ಅದಕ್ಕೆ ಬೀಗ ಹಾಕಿರೋದೇ ಹೆಚ್ಚು. ಬೀಗ ಇಲ್ಲದಿದ್ರೂ, ಒಂದು ವಾರದ ಮಷೀನ್‌ಗೆ ಅದನ್ನ ಗ್ರಾಹಕರು ಯಾಕೆ ಮಾಡಬೇಕು ಸ್ವಾಮಿ?

ಕಪ್ಪುಕಾಡಿನ_ಕನ್ನಡಿಗ · ಏಪ್ರಿಲ್ 16, ಮಧ್ಯಾಹ್ನ 3:35

ನಾನು ಶಿವಮೊಗ್ಗದವನು, ಜರ್ಮನಿಯ ಫ್ರೈಬರ್ಗ್‌ನಲ್ಲಿದ್ದೇನೆ. ನನ್ನ ಬಳಿಯೂ ಇದೇ 1335ಯು ಇರುವ ತೆಳು ಲ್ಯಾಪ್‌ಟಾಪ್ ಇದೆ, ಕಂಪನಿ ಬೇರೆ ಇರಬಹುದು. ಕುತೂಹಲಕ್ಕೆ ಬೆಸುಗೆಯವರ ಪರೀಕ್ಷೆಯನ್ನೇ ಮಾಡಿದೆ. ಕೋಣೆ 20 ಡಿಗ್ರಿ. 15 ವಾಟ್‌ಗೆ 58 ಡಿಗ್ರಿಯಲ್ಲಿ ನಿಂತಿತು. ನಿಲ್ಲಿಸಿದಾಗ ಮೊದಲು 50ಕ್ಕೆ ಇಳಿದು, ಆಮೇಲೆ ನಿಧಾನವಾಗಿ, ಎರಡು ಮೂರು ನಿಮಿಷ ತೆಗೆದುಕೊಂಡಿತು. ನಮ್ಮ ಚಳಿಗೂ ನಿಮ್ಮ ಬಿಸಿಲಿಗೂ ಹೋಲಿಕೆ ಸರಿಹೋಗುತ್ತದೋ ಇಲ್ಲವೋ, ಅಂತೂ ಅಂಕಿ ಇಟ್ಟಿದ್ದೇನೆ.

ತುಂಗಭದ್ರೆ_ದಂಡೆ · ಏಪ್ರಿಲ್ 16, ರಾತ್ರಿ 8:55

ಯಾಕ್ ಸರಿಹೋಗಲ್ರಿ? ಚಂದ ಸರಿಹೋಗ್ತದ. ಇದು ನಾ ಹತ್ತನೇತ್ತಕ್ಕ ಪ್ರತಿ ವರ್ಷ ಕಲಿಸೋ ಓಮ್‌ನ ನಿಯಮನೇ ಅಲ್ಲೇನ್ರಿ!

ವಿದ್ಯುತ್ ಹರೀಲಿಕ್ಕೆ ವಿಭವಾಂತರ ಬೇಕು, ಶಾಖ ಹರೀಲಿಕ್ಕೆ ತಾಪಾಂತರ ಬೇಕು. ಆಂಪಿಯರಿನ ಜಾಗದಾಗ ವಾಟು. ಭಾಗಿಸಿದ್ರ ರೋಧ ಬರ್ತದ. ಚಿಪ್ಪಿನ ಡಿಗ್ರಿ ಒಂದೇ ನೋಡಿದ್ರ ಏನೂ ಅರ್ಥ ಇಲ್ಲ, ಅದರಾಗ ಕೋಣಿದು ಕಳೀಬೇಕು. ಇವತ್ತಿನ ನನ್ನ ಪರೀಕ್ಷೆ: 15 ವಾಟ್, 98 ಡಿಗ್ರಿ. 98ರಾಗ 36 ಕಳೆದ್ರ 62, ಅದನ್ನ 15ರಿಂದ ಭಾಗಿಸಿದ್ರ ಒಂದು ವಾಟಿಗೆ 4.1 ಡಿಗ್ರಿ. ವಿಡಿಯೋ ಹಾಕಿದಾಗಿಂದು 25 ಭಾಗಿಸು 6, ಅದೂ 4.2. ಸುಮ್ನ ಇದ್ದಾಗಿಂದು 13 ಭಾಗಿಸು 3, ಅದು 4.3. ಗ್ರಾಫ್ ಹಾಳಿ ಮ್ಯಾಲ ಹಾಕಿದ್ರ ಸರಳರೇಖಿ!

ಜರ್ಮನಿಯವರದು 58ರಾಗ 20 ಕಳೆದ್ರ 38, ಭಾಗಿಸು 15, ಅಂದ್ರ 2.5. ಅವರ ಮಷೀನು ನಮ್ಮ ಮನಿಗೆ ತಂದಿಟ್ರೂ 36ಕ್ಕ 38 ಕೂಡಿಸಿ 74 ಅಷ್ಟೇ ಆಗ್ತದ. ನಂದು 98. ನಡುವಿನ 24 ಡಿಗ್ರಿ ಬಿಸಿಲಿಂದಲ್ಲ.

ಇನ್ನ ಇಳಿಯೋದು: ನಿಲ್ಲಿಸಿದ ಎರಡೇ ಸೆಕೆಂಡಿಗೆ 98ರಿಂದ 59ಕ್ಕ ಬಿತ್ತು. ಕಲ್ಲು ಬಾವಿಗೆ ಬಿದ್ದಂಗ. ಇದು ಚಲೋನೋ ಕೆಟ್ಟದ್ದೋ?

ಬೆಸುಗೆಕಡ್ಡಿ · ಏಪ್ರಿಲ್ 16, ರಾತ್ರಿ 10:36

ಮೇಡಂ, ಹದಿನೆಂಟು ವರ್ಷದಿಂದ ಈ ಕೆಲಸ ಮಾಡ್ತಿದ್ದೀನಿ, ಕೈ ಇಟ್ಟು ಅಂದಾಜಲ್ಲಿ ಹೇಳ್ತಿದ್ದದ್ದನ್ನ ನೀವು ಭಾಗಾಕಾರದಲ್ಲಿ ತೋರಿಸಿದ್ರಿ. ಒಂದೇ ತಿದ್ದುಪಡಿ: 3 ವಾಟ್‌ನ ಅಂಕಿ ಬಿಟ್ಟುಬಿಡಿ. ಅಲ್ಲಿ ಫ್ಯಾನ್ ನಿಂತಿರುತ್ತೆ, ಫ್ಯಾನ್ ನಿಂತ್ರೆ ರೋಧವೇ ಬೇರೆ. ಸರಳರೇಖೆಗೆ ಅದು ಸಿಕ್ಕಿದ್ದು ಆಕಸ್ಮಿಕ.

ಇಳಿಯೋದು ಕೆಟ್ಟದ್ದೇ. ತಾಮ್ರದ ಪಟ್ಟಿ ನಿಜವಾಗಿ ಕಾದಿದ್ರೆ, ಸ್ಟವ್ ಆರಿಸಿದ ಮೇಲೂ ಹಂಚು ಬಿಸಿ ಇರೋ ಹಾಗೆ ನಿಧಾನ ಇಳೀಬೇಕು, ಜರ್ಮನಿಯವರದು ಹಾಗೇ ಇಳಿದಿದೆ. ನಿಮ್ಮದು ಎರಡು ಸೆಕೆಂಡಲ್ಲಿ ಬಿತ್ತು ಅಂದ್ರೆ ಉಗುರಿನಷ್ಟಗಲದ ಚಿಪ್ ಒಂದೇ ಕಾದಿತ್ತು, ಹಂಚು ಕಾದೇ ಇರಲಿಲ್ಲ. ಚಿಪ್‌ಗೂ ಹೀಟ್‌ಸಿಂಕ್‌ಗೂ, ಅಂದ್ರೆ ಶಾಖ ಒಯ್ಯೋ ಆ ತಾಮ್ರದ ಪಟ್ಟಿಗೂ, ಸರಿಯಾಗಿ ಅಂಟಿಲ್ಲ. ಎರಡರ ನಡುವೆ ಶಾಖ ದಾಟಿಸೋಕೆ ಹಚ್ಚೋ ಪೇಸ್ಟ್ ಅರ್ಧಂಬರ್ಧ ಹಚ್ಚಿರಬಹುದು, ಸ್ಕ್ರೂ ಕೂತಿಲ್ಲದೆ ಇರಬಹುದು, ತಾಮ್ರದ ಪಟ್ಟಿಯೇ ಓರೆ ಇರಬಹುದು. ಹೊಸದರಲ್ಲಿ ಧೂಳು ಇರಲ್ಲ, ಹಾಗಾಗಿ ಅದನ್ನ ಬಿಟ್ಟೆ. ಕೂಲಿಂಗ್ ಪ್ಯಾಡ್ ಇದಕ್ಕೆ ಏನೂ ಮಾಡಲ್ಲ. ಹಂಚೇ ಕಾಯದಿದ್ದಾಗ ಹಂಚಿಗೆ ಗಾಳಿ ಹಾಕಿ ಏನು ಪ್ರಯೋಜನ?

ನೀವೇ ಬಿಚ್ಚಬೇಡಿ. ಯಾರಾದ್ರೂ "ಪೇಸ್ಟ್ ಹಾಕಿಕೊಡ್ತೀನಿ, 500 ಕೊಡಿ" ಅಂದ್ರೂ ಬೇಡ, ನಾನೇ ಹೇಳಿದ್ರೂ ಬೇಡ. ಬದಲಿಯ ಅವಧಿ ಇದೆ, ಕೇಳಿ.

ಕಡಲತಡಿ · ಏಪ್ರಿಲ್ 17, ಬೆಳಿಗ್ಗೆ 7:58

ಕೇಳುವಾಗ "ಬಿಸಿ ಆಗ್ತದೆ" ಅಂತ ಹೇಳ್ಬೇಡಿ ಟೀಚರ್. ಆ ಶಬ್ದ ಕೇಳಿದ ಕೂಡಲೇ ಅವರ ಬಾಯಲ್ಲಿ "ನಾರ್ಮಲ್" ಅಂತ ಬರ್ತದೆ. "15 ವಾಟ್‌ನಲ್ಲಿ 98 ಡಿಗ್ರಿ, ಹೀಟ್‌ಸಿಂಕ್ ಸಂಪರ್ಕದ ದೋಷ, ಲಾಗ್ ಫೈಲ್ ಲಗತ್ತಿಸಿದೆ" ಅಂತ ಈಮೇಲ್ ಬರೆಯಿರಿ, ಫೋನ್ ಬೇಡ. ಕಂಪ್ಲೇಂಟ್ ನಂಬರ್ 19ರ ಒಳಗೆ ಸಿಗಬೇಕು, ಎಂಜಿನಿಯರ್ ಆಮೇಲೆ ಬಂದ್ರೂ ತೊಂದರೆ ಇಲ್ಲ. ಮಾತು ಕೇಳದಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಉಂಟು, ಕನ್ನಡದಲ್ಲೇ ಮಾತಾಡ್ಬಹುದು.

ತುಂಗಭದ್ರೆ_ದಂಡೆ · ಏಪ್ರಿಲ್ 17, ಮಧ್ಯಾಹ್ನ 12:25

ಈಮೇಲ್ ಹಾಕೀನಿ. ಗ್ರಾಫಿನ ಫೋಟೋನೂ ಹಚ್ಚೀನಿ. ಕಂಪ್ಲೇಂಟ್ ನಂಬರ್ ಬಂತು. ನಾಡಿದ್ದು ಎಂಜಿನಿಯರ್ ಬರ್ತಾರಂತ.

ಬಿಸಿಲೂರು · ಏಪ್ರಿಲ್ 17, ರಾತ್ರಿ 9:10

ಅಕ್ಕಾರ, ಗ್ರಾಫಿಗೆ ಎಷ್ಟು ಮಾರ್ಕ್ಸ್ ಕೊಡ್ತಾರಂತ?

ತುಂಗಭದ್ರೆ_ದಂಡೆ · ಏಪ್ರಿಲ್ 19, ಸಂಜೆ 6:30

ಎಂಜಿನಿಯರ್ ಬಂದಿದ್ರು, ಸಣ್ಣ ಹುಡುಗ. ಬಂದವನೇ ಪೆನ್‌ಡ್ರೈವ್ ಹಾಕಿ ಕಂಪನಿಯ ಟೆಸ್ಟ್ ಓಡಿಸಿದ. ಎಲ್ಲಾ "ಪಾಸ್". "ನೋಡ್ರಿ ಮೇಡಂ, ಏನೂ ಇಲ್ಲ" ಅಂದ. ಫ್ಯಾನ್ ತಿರುಗ್ತದ, ಸೆನ್ಸರ್ ಓದ್ತದ, 100 ದಾಟಿಲ್ಲ, ಅದಕ್ಕ ಪಾಸಂತ. ನಾ ಲಾಗ್ ತೆಗೆದು, ಎರಡು ಸೆಕೆಂಡಿಗೆ 39 ಡಿಗ್ರಿ ಬಿದ್ದದ್ದು ತೋರಿಸಿದೆ. ಹುಡುಗ ಸುಮ್ನ ಆದ. ಎರಡು ಸಲ ನೋಡಿದ. ಆಮ್ಯಾಲ ತಾನೇ "ಬಿಚ್ಚೇ ನೋಡೋಣು ತಡೀರಿ" ಅಂದ.

ತಳದ ಮುಚ್ಚಳ ತೆಗೆದ್ರ, ತಾಮ್ರದ ಪಟ್ಟಿಗೆ ನಾಕು ಸ್ಕ್ರೂ, ಅದರಾಗ ಒಂದು ಅರ್ಧಕ್ಕೇ ನಿಂತದ. ಅದು ಕೂತ ಕಡಿ ಎಳಿನೇ ಹಾಳಾಗ್ಯಾದ, ತಿರುವಿದ್ರ ಸುಮ್ನ ಸುತ್ತತದ. ಪಟ್ಟಿ ತೆಗೆದು ತೋರಿಸಿದ. ಪೇಸ್ಟು ಚಿಪ್ಪಿನ ಒಂದು ಬದಿಗೆ ತೆಳ್ಳಗ ಒತ್ತೇದ, ಇನ್ನೊಂದು ಬದಿಗೆ ಹಚ್ಚಿದ್ದು ಹಚ್ಚಿದಂಗೇ ದಪ್ಪ ಕುಂತದ, ಮುಟ್ಟೇ ಇಲ್ಲ. ಬೋರ್ಡೇ ಬದಲಿ ಮಾಡ್ಬೇಕು ಅಂತ ವರದಿ ಬರದ. ನಾ ಬೋರ್ಡ್ ಬ್ಯಾಡ, ಮಷೀನೇ ಬದಲಿ ಕೊಡ್ರಿ ಅಂದೆ, ಅವಧಿಯೊಳಗ ಕೇಳೀನಿ. ಒಪ್ಪಿಗಿ ಬರಲಿಕ್ಕೆ ಎರಡು ಮೂರು ದಿನ ಅಂತ.

ಹೋಗುವಾಗ ಆ ಹುಡುಗ ಗ್ರಾಫಿನ ಫೋಟೋ ತಕ್ಕೊಂಡು ಹೋದ್ರಿ. ಚಾ ಕುಡಿದು, ಕೋಣಿದು ಯಾಕ ಕಳೀಬೇಕು ಅಂತ ಕೇಳಿ ತಿಳಕೊಂಡೇ ಹೋದ.

ಬೆಸುಗೆಕಡ್ಡಿ · ಏಪ್ರಿಲ್ 19, ರಾತ್ರಿ 10:50

ಒಳ್ಳೇ ಹುಡುಗ. "ಪಾಸ್" ಬಂದ ಮೇಲೂ ಬಿಚ್ಚೋರು ಕಮ್ಮಿ.

ತುಂಗಭದ್ರೆ_ದಂಡೆ · ಏಪ್ರಿಲ್ 26, ಮಧ್ಯಾಹ್ನ 2:05

ಹೊಸಾದು ಬಂತ್ರಿ. ಡಬ್ಬಿ ಬಿಚ್ಚಿ ಫೈಲ್ ಹಾಕೋಕಿಂತ ಮೊದಲು ಪರೀಕ್ಷಾ ಮಾಡೀನಿ. ಕೋಣಿ 37, 15 ವಾಟ್, 77 ಡಿಗ್ರಿ. ವಾಟಿಗೆ 2.7. ಪಕ್ಕದ ಗಾಳಿಗೆ ಕೈ ಹಿಡಿಯಲಿಕ್ಕೆ ಆಗಲ್ಲ, ಅಷ್ಟು ಬಿಸಿ! ಇದನ್ನ ನೋಡಿ ಖುಷಿ ಪಡ್ಲಿಕ್ಕತ್ತೀನಿ ಅಂದ್ರ ಮನ್ಯಾಗ ಎಲ್ಲಾರೂ ನಗ್ತಾರ.

180 ಜಿಬಿ ಈ ಸಲ ಇಂಡೆಕ್ಸಿನಿಂದ ಹೊರಗಿಟ್ಟೇ ಹಾಕ್ಲಿಕ್ಕತ್ತೀನಿ. ಜಗಲಿಯವ್ರ, ಈಗ ಶೀರ್ಷಿಕಿಗೆ ಏನು ಬೇಕೋ ಸೇರಿಸ್ರಿ.

ಒಂದೇ ಒಂದು ನಷ್ಟ. ಕೀಬೋರ್ಡಿಗೆ ಕನ್ನಡ ಅಕ್ಷರದ ಸ್ಟಿಕ್ಕರ್ ತರಿಸಿ ಒಂದೊಂದೇ ಅಂಟಿಸಿದ್ದೆ, ಒಂದು ಸಂಜಿ ಪೂರ್ತಿ ಹೋಗಿತ್ತು. ಅವು ಹಳೇ ಮಷೀನಿನ ಜೋಡಿ ಹೋದ್ವು. ಕೊಡೋ ಮುಂದ ಕೀಳಲಿಕ್ಕೆ ನೋಡಿದೆ, "ಳ" ಒಂದು ಚಂದ ಬಂತು, ಉಳಿದವು ಬರಲಿಲ್ಲ.